ರೇಡಿಯೇಷನ್ ಮುಗಿದರೂ ಕುತ್ತಿಗೆಯ ಗಂಟು ಏಕೆ ಹಾಗೇ ಉಳಿದಿರುತ್ತದೆ?

ಗಂಟಲಿನ ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಏಳು ವಾರ ರೇಡಿಯೇಷನ್ ತೆಗೆದುಕೊಂಡವರನ್ನು, ಚಿಕಿತ್ಸೆ ಮುಗಿದ ದಿನದಿಂದಲೇ ಒಂದು ಅನುಮಾನ ಕಾಡತೊಡಗುತ್ತದೆ. ಕುತ್ತಿಗೆಯ ಪಕ್ಕದಲ್ಲಿದ್ದ ಗಂಟು ಸಣ್ಣದಾಗಿದೆ, ಆದರೆ ಹೋಗಿಲ್ಲ. ಬೆರಳಿಗೆ ಸಿಗುತ್ತಲೇ ಇದೆ. ಡಾಕ್ಟರನ್ನು ಕೇಳಿದರೆ, "ಮೂರು ತಿಂಗಳು ಬಿಟ್ಟು ಪೆಟ್ ಸ್ಕ್ಯಾನ್ ಮಾಡಿಸೋಣ, ಆಮೇಲೆ ನೋಡೋಣ" ಎನ್ನುತ್ತಾರೆ. ಒಂದು ದಿನವೂ ತಪ್ಪಿಸಬೇಡಿ ಎಂದು ಏಳು ವಾರ ಎಚ್ಚರಿಸುತ್ತಿದ್ದವರೇ ಈಗ ಮೂರು ತಿಂಗಳು ಸುಮ್ಮನಿರಿ ಎಂದರೆ ಮನೆಮಂದಿಗೆ ದಿಗಿಲಾಗುವುದು ಸಹಜ.

ಆದರೆ ಈ ಕಾಯುವಿಕೆ ಚಿಕಿತ್ಸೆಯದೇ ಒಂದು ಭಾಗ. ಏಕೆಂದು ತಿಳಿಯಬೇಕಾದರೆ ಆ ಗಂಟು ಏನು, ಅದರೊಳಗೆ ರೇಡಿಯೇಷನ್ ಮಾಡುವ ಕೆಲಸ ಎಂಥದು, ಸ್ಕ್ಯಾನ್ ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು ಎಂಬುದನ್ನು ಒಂದೊಂದಾಗಿ ನೋಡಬೇಕು.

ಕುತ್ತಿಗೆಯಲ್ಲೇ ಏಕೆ ಗಂಟು?

ರಕ್ತನಾಳಗಳಿಂದ ಸ್ವಲ್ಪ ಸ್ವಲ್ಪವೇ ನೀರಿನಂಥ ದ್ರವ ಹೊರಗೆ ಸೋರುತ್ತಿರುತ್ತದೆ. ಅದನ್ನು ಒಟ್ಟುಗೂಡಿಸಿ ಮತ್ತೆ ರಕ್ತಕ್ಕೆ ಸೇರಿಸಲು ಮೈಯೆಲ್ಲ ಹರಡಿದ ಸಣ್ಣ ಸಣ್ಣ ನಾಳಗಳಿವೆ. ಆ ದ್ರವವೇ ದುಗ್ಧರಸ. ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನ ಗಾತ್ರದ ಗ್ರಂಥಿಗಳಿರುತ್ತವೆ. ಹಾದುಹೋಗುವ ದ್ರವದಲ್ಲಿ ರೋಗಾಣುಗಳಿವೆಯೇ ಎಂದು ಅಲ್ಲಿನ ಬಿಳಿ ರಕ್ತಕಣಗಳು ಪರೀಕ್ಷಿಸುತ್ತವೆ. ದೇಹದಲ್ಲಿ ಇಂಥ ಗ್ರಂಥಿಗಳು ನೂರಾರು ಇದ್ದು, ಅವುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕುತ್ತಿಗೆಯಲ್ಲೇ ಇವೆ. ರೋಗಾಣುಗಳು ಒಳಬರುವ ಬಾಯಿ, ಮೂಗು ಹತ್ತಿರದಲ್ಲೇ ಇರುವುದರಿಂದ ಅಲ್ಲಿ ಕಾವಲು ಜಾಸ್ತಿ.

ಕ್ಯಾನ್ಸರ್ ಹುಣ್ಣಿನಿಂದ ಕಳಚಿಕೊಂಡ ಕೋಶಗಳೂ ಇದೇ ನಾಳಗಳಲ್ಲಿ ಸಾಗಿ, ಮೊದಲು ಸಿಗುವ ಗ್ರಂಥಿಯಲ್ಲಿ ನೆಲೆಯೂರಿ ಬೆಳೆಯುತ್ತವೆ. ಆಗ ಗ್ರಂಥಿ ದಪ್ಪಗಾಗಿ ಗಟ್ಟಿಯಾಗುತ್ತದೆ. ಹೆಚ್ಚಿನವರಿಗೆ ನೋವಿರುವುದಿಲ್ಲ. ಎಷ್ಟೋ ಜನ ಮೊದಲು ಆಸ್ಪತ್ರೆಗೆ ಹೋಗುವುದು ಗಂಟಲಿನ ತೊಂದರೆಗಲ್ಲ, ಈ ಗಂಟಿಗೇ. ಹಾಗೆಂದು ಕುತ್ತಿಗೆಯ ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಹಲ್ಲಿನ ಸೋಂಕು, ಕ್ಷಯ, ಸಾಮಾನ್ಯ ಗಂಟಲು ನೋವಿನಿಂದಲೂ ಗ್ರಂಥಿ ಊದಿಕೊಳ್ಳುತ್ತದೆ. ಮೂರು ವಾರ ಕಳೆದರೂ ಕರಗದ, ಗಟ್ಟಿಯಾದ, ಬೆಳೆಯುತ್ತಲೇ ಇರುವ ಗಂಟನ್ನು ಮಾತ್ರ ಪರೀಕ್ಷಿಸದೆ ಬಿಡಬಾರದು.

ಯಾವ ಜಾಗದ ಕ್ಯಾನ್ಸರ್ ಯಾವ ಗ್ರಂಥಿಗೆ ಹೋಗುತ್ತದೆ ಎಂಬುದು ಬಹುಮಟ್ಟಿಗೆ ಗೊತ್ತಿರುವ ವಿಷಯ. ವೈದ್ಯರು ಕುತ್ತಿಗೆಯನ್ನು ಅಂಕಿ ಕೊಟ್ಟು ವಿಭಾಗಿಸಿಕೊಂಡಿದ್ದಾರೆ. ಗಲ್ಲ ಮತ್ತು ದವಡೆಯ ಕೆಳಗಿನದು 1, ಕುತ್ತಿಗೆಯ ಪಕ್ಕದ ದೊಡ್ಡ ಅಭಿಧಮನಿಯ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ 2, 3, 4, ಹಿಂಬದಿಯದು 5, ಮುಂದೆ ನಡುವಿನದು 6. ನಾಲಿಗೆ, ಕೆನ್ನೆಯ ಕ್ಯಾನ್ಸರ್ ಸಾಮಾನ್ಯವಾಗಿ 1ರಿಂದ 3ಕ್ಕೆ ಇಳಿಯುತ್ತದೆ. ಗಂಟಲು, ಧ್ವನಿಪೆಟ್ಟಿಗೆಯದು 2ರಿಂದ 4ಕ್ಕೆ. ಮೂಗಿನ ಹಿಂಭಾಗದ ಕ್ಯಾನ್ಸರ್ ಎರಡೂ ಬದಿಗೆ, ಹಿಂಬದಿಗೂ ಹರಡುವುದುಂಟು. ಧ್ವನಿತಂತುಗಳಲ್ಲಿ ಈ ನಾಳಗಳೇ ತೀರ ಕಡಿಮೆ. ಹಾಗಾಗಿ ಆರಂಭದ ಹಂತದ ಧ್ವನಿತಂತು ಕ್ಯಾನ್ಸರ್ ಗ್ರಂಥಿಗೆ ಹರಡುವುದು ಅಪರೂಪ.

ಗ್ರಂಥಿಗೆ ಇಷ್ಟು ಮಹತ್ವ ಏಕೆಂದರೆ, ತಂಬಾಕಿನಿಂದ ಬರುವ ಕ್ಯಾನ್ಸರ್‌ಗಳಲ್ಲಿ ಗ್ರಂಥಿಗೆ ಹರಡಿದ್ದರೆ ಬದುಕುಳಿಯುವ ಸಾಧ್ಯತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವೈದ್ಯರಲ್ಲಿ ಬಹಳ ಕಾಲದಿಂದ ಇರುವ ಲೆಕ್ಕ.

ಈ ಪ್ರಶ್ನೆ ಯಾರದು?

ನಮ್ಮಲ್ಲಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿರಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಿರಲಿ, ಗುಟ್ಕಾ ಮತ್ತು ಹೊಗೆಸೊಪ್ಪಿನ ರೋಗಿಗಳಿಗೆ ಕೊರತೆಯಿಲ್ಲ. ಬಾಯಿಯ ಕ್ಯಾನ್ಸರ್‌ಗೆ ಸಾಧ್ಯವಿದ್ದಲ್ಲೆಲ್ಲ ಮೊದಲ ಚಿಕಿತ್ಸೆ ಆಪರೇಷನ್. ಹುಣ್ಣಿನ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುತ್ತಾರೆ. ಗಂಟು ಕಾಣದಿದ್ದರೂ ತೆಗೆಯುವುದೇ ಮೇಲು ಎಂಬುದನ್ನು ಟಾಟಾ ಆಸ್ಪತ್ರೆಯ ವೈದ್ಯರು 2015ರಲ್ಲಿ ತೋರಿಸಿಕೊಟ್ಟರು. ಆರಂಭದ ಹಂತದ ಬಾಯಿ ಕ್ಯಾನ್ಸರ್‌ನಲ್ಲಿ ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ. 80ರಷ್ಟು ಜನ ಬದುಕಿದ್ದರು. ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆಯೋಣ ಎಂದು ಕಾದ ಗುಂಪಿನಲ್ಲಿ ಆ ಪ್ರಮಾಣ ಶೇ. 67.5.

ಹೀಗೆ ಆಪರೇಷನ್ ಆದವರಿಗೆ ಆಮೇಲೆ ರೇಡಿಯೇಷನ್ ಕೊಟ್ಟರೂ, ಗಂಟು ಕರಗಿತೇ ಇಲ್ಲವೇ ಎಂಬ ಪ್ರಶ್ನೆ ಏಳುವುದಿಲ್ಲ. ಗಂಟು ಆಗಲೇ ಪ್ರಯೋಗಾಲಯ ಸೇರಿರುತ್ತದೆ. ಪ್ರಶ್ನೆ ಇರುವುದು ಟಾನ್ಸಿಲ್, ನಾಲಿಗೆಯ ಬುಡ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಇರುವವರಿಗೆ. ಮಾತು ಮತ್ತು ನುಂಗುವ ಶಕ್ತಿ ಉಳಿಸಲೆಂದು ಅವರಲ್ಲಿ ಬಹಳ ಜನರಿಗೆ ಆಪರೇಷನ್ ಬದಲು ರೇಡಿಯೇಷನ್, ಜೊತೆಗೆ ಕೀಮೋ ಕೊಡುತ್ತಾರೆ. ಹುಣ್ಣೂ ಗಂಟೂ ಎರಡೂ ಅದರಲ್ಲೇ ಕರಗಬೇಕು.

ಗಂಟಿನೊಳಗೆ ನಡೆಯುವುದೇನು

ರೂಢಿಯ ಲೆಕ್ಕ ಹೀಗಿದೆ: ಒಟ್ಟು 70 ಗ್ರೇ, ಅದನ್ನು 35 ಕಂತು ಮಾಡಿ, ವಾರಕ್ಕೆ ಐದು ದಿನದಂತೆ ಏಳು ವಾರ. ಒಂದು ಕಿಲೋ ತೂಕದ ಅಂಗಾಂಶ ಎಷ್ಟು ಶಕ್ತಿಯನ್ನು ಹೀರಿಕೊಂಡಿತು ಎಂಬುದರ ಅಳತೆಯೇ ಗ್ರೇ. ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧವನ್ನು ವಾರಕ್ಕೊಮ್ಮೆಯೋ ಮೂರು ವಾರಕ್ಕೊಮ್ಮೆಯೋ ಕೊಡುತ್ತಾರೆ.

ರೇಡಿಯೇಷನ್ ಗಂಟನ್ನು ಸುಟ್ಟುಹಾಕುತ್ತದೆ ಎಂಬ ನಂಬಿಕೆ ಸಾಮಾನ್ಯ. "ಕರೆಂಟ್ ಕೊಡಿಸಿದರು" ಎನ್ನುವಾಗಲೂ ಮನಸ್ಸಿನಲ್ಲಿ ಅದೇ ಚಿತ್ರ. ನಿಜದಲ್ಲಿ ಕಿರಣಗಳು ಕೋಶದ ಒಳಗಿನ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತವೆ. ಎಳೆ ತುಂಡಾದ ಕೋಶಗಳಲ್ಲಿ ಹೆಚ್ಚಿನವು ಆ ಕ್ಷಣಕ್ಕೆ ಸಾಯುವುದಿಲ್ಲ. ಹುರಿದ ಬೀಜದ ಹಾಗೆ: ನೋಡಲು ಬೀಜವೇ, ಕೈಗೆ ತೂಕವೂ ಅಷ್ಟೇ, ಬಿತ್ತಿದರೆ ಮಾತ್ರ ಮೊಳೆಯದು. ಕೋಶಕ್ಕೂ ಪರೀಕ್ಷೆ ಎದುರಾಗುವುದು ಅದು ಎರಡಾಗಲು ಹೊರಟಾಗ. ಡಿಎನ್‌ಎ ಸರಿಯಿಲ್ಲದ್ದರಿಂದ ಒಡೆಯಲಾಗದೆ ಆಗ ಸಾಯುತ್ತದೆ. ಕೆಲವು ಕೋಶಗಳು ಒಂದೆರಡು ಸಲ ಒಡೆದು ಆಮೇಲೆ ಸಾಯುತ್ತವೆ. ನಿಧಾನವಾಗಿ ಒಡೆಯುವ ಕೋಶ ನಿಧಾನವಾಗಿಯೇ ಸಾಯುತ್ತದೆ. ಹೀಗಾಗಿ ಯಂತ್ರ ನಿಂತ ಮೇಲೂ ವಾರಗಟ್ಟಲೆ ಕೋಶಗಳು ಸಾಯುತ್ತಲೇ ಇರುತ್ತವೆ.

ಸತ್ತ ಮೇಲೂ ಕೆಲಸ ಮುಗಿಯಲಿಲ್ಲ. ಉಳಿದ ಕಸವನ್ನು ದೇಹದ ಬಿಳಿ ರಕ್ತಕಣಗಳು ತಿಂದು ತೆರವು ಮಾಡಬೇಕು. ಆ ಜಾಗದಲ್ಲಿ ಗಾಯ ಮಾಗಿದಂತೆ ನಾರಿನ ಕಲೆ ಕಟ್ಟಿಕೊಳ್ಳುತ್ತದೆ. ದೊಡ್ಡ ಗಂಟಾಗಿದ್ದರೆ ಕ್ಯಾನ್ಸರ್ ಪೂರ್ತಿ ಹೋದರೂ ಒಂದು ಗಟ್ಟಿ ಉಂಡೆ ಉಳಿದುಬಿಡಬಹುದು. ಬೆರಳಿಗೆ ಸಿಗುವುದು ಸತ್ತ ಗಂಟೇ, ಜೀವಂತ ಗಂಟೇ ಎಂದು ಬೆರಳು ಹೇಳಲಾರದು.

ಗಂಟು ಕರಗುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಚಿಕಿತ್ಸೆ ನಡೆಯುತ್ತಿರುವಾಗಲೇ ಪದೇಪದೇ ಸ್ಕ್ಯಾನ್ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗಡ್ಡೆ ಚಿಕಿತ್ಸೆಯ ದಿನವೊಂದಕ್ಕೆ ತನ್ನ ಮೂಲ ಗಾತ್ರದ ಶೇ. 1.8ರಷ್ಟು ಕುಗ್ಗುತ್ತಿತ್ತು. ಅರ್ಧ ದಾರಿಯಲ್ಲಿ, ತಲೆ ಕುತ್ತಿಗೆ ಅಲುಗದಂತೆ ಹಿಡಿಯುವ ರೇಡಿಯೇಷನ್ ಮಾಸ್ಕ್ ಸಡಿಲವಾಯಿತು, ಮತ್ತೆ ಅಳತೆ ತೆಗೆದು ಹೊಸ ಮಾಸ್ಕ್ ಮಾಡಿದರು ಎಂದು ಕೆಲವರು ಹೇಳುವುದು ಇದೇ ಕಾರಣಕ್ಕೆ. ಗಂಟು ಕುಗ್ಗಿ, ಮೈ ಇಳಿದಾಗ ಮೊದಲು ಗುರುತು ಮಾಡಿದ ಜಾಗಕ್ಕೂ ಈಗಿನ ಜಾಗಕ್ಕೂ ವ್ಯತ್ಯಾಸ ಬಂದಿರುತ್ತದೆ. ಬೇಗ ಕುಗ್ಗುವುದು ಒಳ್ಳೆಯ ಲಕ್ಷಣ ಹೌದು, ಗ್ಯಾರಂಟಿಯಲ್ಲ. ನಿಧಾನ ಎಂದರೆ ಸೋಲು ಎಂದೂ ಅಲ್ಲ.

ಕೆಲವು ಗಂಟುಗಳು ಜಗ್ಗದಿರುವುದಕ್ಕೆ ದೊಡ್ಡ ಕಾರಣ ಆಮ್ಲಜನಕದ ಕೊರತೆ. ಗಂಟು ದೊಡ್ಡದಾದಷ್ಟೂ ಅದರ ನಡುವಿನ ಭಾಗಕ್ಕೆ ರಕ್ತ ತಲುಪುವುದು ಕಷ್ಟ. ಕಿರಣ ಮಾಡಿದ ಗಾಯವನ್ನು ಖಾಯಂ ಮಾಡುವುದರಲ್ಲಿ ಆಮ್ಲಜನಕದ ಪಾತ್ರವಿದೆ. ಅದು ತೀರ ಇಲ್ಲದ ಕಡೆ ಕೋಶ ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತದೆ. ಆರು ಸೆಂಟಿಮೀಟರ್ ದಾಟಿದ ಗಂಟನ್ನು ಕಂಡರೆ ವೈದ್ಯರ ಹುಬ್ಬು ಗಂಟಿಕ್ಕುವುದು ಇದಕ್ಕೇ. ಡೆನ್ಮಾರ್ಕಿನಲ್ಲಿ ಆಮ್ಲಜನಕದ ಕೆಲಸವನ್ನು ಭಾಗಶಃ ಮಾಡುವ ನಿಮೊರಝೋಲ್ ಎಂಬ ಔಷಧವನ್ನು ರೇಡಿಯೇಷನ್ ಜೊತೆಗೆ ಕೊಡುವ ಪದ್ಧತಿಯೂ ಇದೆ.

ಎಚ್‌ಪಿವಿ ವೈರಸ್‌ನಿಂದ ಬರುವ ಗಂಟಲು ಕ್ಯಾನ್ಸರ್‌ನದು ಬೇರೆಯೇ ಕಥೆ. ಅಮೆರಿಕ, ಬ್ರಿಟನ್‌ಗಳಲ್ಲಿ ಟಾನ್ಸಿಲ್ ಮತ್ತು ನಾಲಿಗೆ ಬುಡದ ಕ್ಯಾನ್ಸರ್‌ಗಳಲ್ಲಿ ಇದರದೇ ದೊಡ್ಡ ಪಾಲು, ಭಾರತದಲ್ಲಿ ಕಡಿಮೆ. ರೇಡಿಯೇಷನ್‌ಗೆ ಇದು ಚೆನ್ನಾಗಿ ಬಗ್ಗುತ್ತದೆ. ಆದರೆ ಇದರ ಗ್ರಂಥಿಗಳಲ್ಲಿ ನೀರು ತುಂಬಿಕೊಂಡಿರುವುದು ಸಾಮಾನ್ಯ. ಕೋಶಗಳೆಲ್ಲ ಸತ್ತರೂ ನೀರಿನ ಚೀಲ ಇಳಿಯಲು ತಿಂಗಳುಗಳೇ ಬೇಕಾಗಬಹುದು. ಗುಣವಾಗುವ ಸಾಧ್ಯತೆ ಅತಿ ಹೆಚ್ಚಿರುವವರಲ್ಲೇ ಗಂಟು ಅತಿ ನಿಧಾನವಾಗಿ ಹೋಗುವುದು ವಿಚಿತ್ರವಾದರೂ ನಿಜ.

ಇನ್ನು ದಿನ ತಪ್ಪಿಸುವ ವಿಷಯ. ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರದ ಹೊತ್ತಿಗೆ ಉಳಿದಿರುವ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಮರಿ ಹಾಕತೊಡಗುತ್ತವೆ. ಆಗ ಬಿಟ್ಟ ದಿನ ಅವುಗಳಿಗೆ ಲಾಭ. ಡೆನ್ಮಾರ್ಕಿನವರು ವಾರಕ್ಕೆ ಐದರ ಬದಲು ಆರು ಸಲ ಕೊಟ್ಟು ಒಂದು ವಾರ ಮೊದಲೇ ಮುಗಿಸಿದಾಗ ರೋಗ ಹತೋಟಿಗೆ ಬಂದವರ ಪ್ರಮಾಣ ಶೇ. 60ರಿಂದ 70ಕ್ಕೆ ಏರಿತು ಎಂದು 2003ರಲ್ಲಿ ವರದಿಯಾಯಿತು. ಕುತೂಹಲದ ಸಂಗತಿಯೆಂದರೆ, ಲಾಭ ಎದ್ದು ಕಂಡದ್ದು ಮೂಲ ಹುಣ್ಣಿನಲ್ಲಿ. ಗ್ರಂಥಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಒಂದೇ ರೋಗಿ, ಒಂದೇ ಕ್ಯಾನ್ಸರ್. ಆದರೂ ಹುಣ್ಣು ಮತ್ತು ಗ್ರಂಥಿ ಒಂದೇ ರೀತಿ ವರ್ತಿಸಬೇಕೆಂದಿಲ್ಲ.

ರೋಗವಿಲ್ಲದ ಗ್ರಂಥಿಗೂ ರೇಡಿಯೇಷನ್ ಏಕೆ?

ಸ್ಕ್ಯಾನ್‌ನಲ್ಲಿ ಚೊಕ್ಕವಾಗಿ ಕಂಡ ಗ್ರಂಥಿಯಲ್ಲೂ ಕಣ್ಣಿಗೆ ಕಾಣದಷ್ಟು ಕೋಶಗಳು ಇರಬಹುದು. ಅದಕ್ಕೇ ಆ ಭಾಗಕ್ಕೂ 50 ಗ್ರೇ ಆಸುಪಾಸಿನ ಕಡಿಮೆ ಡೋಸ್ ಕೊಡುತ್ತಾರೆ. ಒಂದೇ ಬದಿಗೆ ಸೀಮಿತವಾದ ಸಣ್ಣ ಟಾನ್ಸಿಲ್ ಕ್ಯಾನ್ಸರ್‌ನಲ್ಲಿ ಇನ್ನೊಂದು ಬದಿಯನ್ನು ಬಿಡುವುದುಂಟು. ಗ್ರಂಥಿಗಳು ರೋಗನಿರೋಧಕ ಕಣಗಳಿಗೆ ತರಬೇತಿ ಸಿಗುವ ಜಾಗವೂ ಆಗಿರುವುದರಿಂದ, ಎಲ್ಲವಕ್ಕೂ ಕಿರಣ ಹಾಯಿಸಿದರೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ) ಕೆಲಸ ಮಾಡುವುದಿಲ್ಲವೇನೋ ಎಂಬ ಅನುಮಾನ ಈಚೆಗೆ ಬಲವಾಗಿದೆ. ಅವೆಲುಮಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ರೇಡಿಯೇಷನ್–ಕೀಮೋ ಜೊತೆ ಸೇರಿಸಿ ನಡೆಸಿದ ದೊಡ್ಡ ಪ್ರಯೋಗದಲ್ಲಿ ಉಪಯೋಗ ಕಾಣಲಿಲ್ಲ ಎಂದು 2021ರಲ್ಲಿ ಪ್ರಕಟವಾದಾಗ ಹಲವರು ಬೆರಳು ತೋರಿಸಿದ್ದು ಇದರ ಕಡೆಗೆ. ಇದಿನ್ನೂ ಅನುಮಾನದ ಹಂತದಲ್ಲೇ ಇದೆ.

ಹನ್ನೆರಡು ವಾರದ ಲೆಕ್ಕ

ಸತ್ತದ್ದೇ, ಬದುಕಿದ್ದೇ ಎಂದು ಬೆರಳು ಹೇಳಲಾರದು ಎಂದೆನಲ್ಲ, ಸಿಟಿ ಸ್ಕ್ಯಾನ್‌ಗೂ ಆ ಮಿತಿ ಇದೆ. ಅದು ಮುಖ್ಯವಾಗಿ ಆಕಾರ, ಗಾತ್ರ ತೋರಿಸುತ್ತದೆ. ಪೆಟ್ ಸ್ಕ್ಯಾನ್ ನೋಡುವುದು ಕೋಶದ ಹಸಿವನ್ನು. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಸಕ್ಕರೆಯನ್ನು ರಕ್ತಕ್ಕೆ ಚುಚ್ಚಿ ಸುಮಾರು ಒಂದು ಗಂಟೆ ಕಾಯುತ್ತಾರೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಗಬಗಬ ಎಳೆದುಕೊಳ್ಳುವುದರಿಂದ ಆ ಜಾಗ ಹೊಳೆಯುತ್ತದೆ.

ತೊಡಕಿರುವುದು ಇಲ್ಲಿ. ಸತ್ತ ಕೋಶಗಳನ್ನು ತೆರವು ಮಾಡುತ್ತಿರುವ ಬಿಳಿ ರಕ್ತಕಣಗಳಿಗೂ ಸಕ್ಕರೆ ಬೇಕು. ರೇಡಿಯೇಷನ್ ಮುಗಿದ ತಿಂಗಳೊಳಗೆ ಸ್ಕ್ಯಾನ್ ಮಾಡಿದರೆ ಉರಿಯೂತದ ಗಂಟಲೆಲ್ಲ ಹೊಳೆದು, ಇಲ್ಲದ ಕ್ಯಾನ್ಸರ್ ಇದ್ದಂತೆ ಕಾಣಬಹುದು. ಆ ಉರಿ ತಣಿಯಲು, ಸಾಯಬೇಕಾದ ಕೋಶಗಳು ಸಾಯಲು ಬೇಕಾದ ಸಮಯವೇ ಸರಿಸುಮಾರು 12 ವಾರ. ತೀರ ತಡ ಮಾಡಿದರೂ ಕಷ್ಟ: ನಿಜವಾಗಿಯೂ ಉಳಿದ ಕ್ಯಾನ್ಸರ್ ಅಷ್ಟರಲ್ಲಿ ಬೆಳೆಯುತ್ತದೆ, ಕುತ್ತಿಗೆಯ ಅಂಗಾಂಶ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ.

ಟಾಟಾ ಸ್ಮಾರಕ ಕೇಂದ್ರದ ತೇಜ್‌ಪಾಲ್ ಗುಪ್ತಾ ಮತ್ತು ಸಂಗಡಿಗರು 51 ಅಧ್ಯಯನಗಳ 2,335 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಲೆಕ್ಕ ಹಾಕಿದರು. ಪೆಟ್ ಸ್ಕ್ಯಾನ್‌ನಲ್ಲಿ ಕುತ್ತಿಗೆ ಶುಭ್ರ ಎಂದು ಬಂದ 100 ಜನರಲ್ಲಿ ಸುಮಾರು 94–95 ಮಂದಿಯ ಕುತ್ತಿಗೆ ನಿಜವಾಗಿಯೂ ಶುಭ್ರವಾಗಿತ್ತು. ಹೊಳಪು ಕಂಡ 100 ಜನರಲ್ಲಿ ಕ್ಯಾನ್ಸರ್ ಇದ್ದದ್ದು ಸುಮಾರು 52 ಮಂದಿಗೆ ಮಾತ್ರ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ವರದಿ ಕೈಗೆ ಬಂದಾಗ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ. ಪೆಟ್ "ಇಲ್ಲ" ಎಂದರೆ ಬಹುಪಾಲು ನಂಬಬಹುದು. "ಇದೆ" ಎಂದರೆ ಇನ್ನೊಮ್ಮೆ ಕೇಳಬೇಕು.

ಎಲ್ಲರ ಕುತ್ತಿಗೆ ಕೊಯ್ಯುವ ಕಾಲ ಮುಗಿದದ್ದು ಹೇಗೆ

ಕುತ್ತಿಗೆಯ ಗ್ರಂಥಿಗಳನ್ನು ಸಾರಾಸಗಟಾಗಿ ತೆಗೆಯುವ ಆಪರೇಷನ್ನನ್ನು ಕ್ರಮಬದ್ಧವಾಗಿ ವಿವರಿಸಿದವರು ಅಮೆರಿಕದ ಜಾರ್ಜ್ ಕ್ರೈಲ್, 1906ರಲ್ಲಿ. ಗ್ರಂಥಿಗಳ ಜೊತೆ ಕುತ್ತಿಗೆಯ ದೊಡ್ಡ ಸ್ನಾಯು, ದೊಡ್ಡ ಅಭಿಧಮನಿ, ಭುಜ ಎತ್ತಿಸುವ ನರ ಎಲ್ಲವೂ ಹೋಗುತ್ತಿದ್ದವು. ಆಮೇಲೆ ಬಂದ ಶಸ್ತ್ರವೈದ್ಯರು ಇವನ್ನು ಉಳಿಸುವ ವಿಧಾನ ಕಂಡುಕೊಂಡರು. ಆದರೂ ಗ್ರಂಥಿ ದೊಡ್ಡದಿದ್ದವರಿಗೆ ರೇಡಿಯೇಷನ್ ಮುಗಿದ ಮೇಲೆ, ಗಂಟು ಕರಗಿರಲಿ ಬಿಡಲಿ, ಮುಂಜಾಗ್ರತೆಗೆಂದು ಕುತ್ತಿಗೆ ಆಪರೇಷನ್ ಮಾಡುವ ಪದ್ಧತಿ ಬಹಳ ಕಾಲ ನಡೆಯಿತು. ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚಿನವರಲ್ಲಿ ಜೀವಂತ ಕ್ಯಾನ್ಸರ್ ಇರುತ್ತಲೇ ಇರಲಿಲ್ಲ.

ಇದಕ್ಕೆ ಉತ್ತರ ಕೊಟ್ಟದ್ದು ಬ್ರಿಟನ್ನಿನ ಪೆಟ್-ನೆಕ್ ಪ್ರಯೋಗ. ಬರ್ಮಿಂಗ್‌ಹ್ಯಾಂನ ಹಿಶಾಮ್ ಮೆಹನ್ನಾ ನೇತೃತ್ವದಲ್ಲಿ 564 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ ಪದ್ಧತಿಯಂತೆ ಆಪರೇಷನ್. ಇನ್ನೊಂದಕ್ಕೆ 12 ವಾರದ ನಂತರ ಪೆಟ್-ಸಿಟಿ (ಎರಡೂ ಸ್ಕ್ಯಾನ್ ಒಟ್ಟಿಗೆ) ಮಾಡಿ, ಅನುಮಾನವಿದ್ದವರಿಗೆ ಮಾತ್ರ ಆಪರೇಷನ್. 2016ರಲ್ಲಿ ಬಂದ ಫಲಿತಾಂಶ: ಮೊದಲ ಗುಂಪಿನಲ್ಲಿ 221 ಆಪರೇಷನ್, ಎರಡನೆಯದರಲ್ಲಿ ಬರೀ 54. ಎರಡು ವರ್ಷದ ನಂತರ ಬದುಕಿದ್ದವರು ಕ್ರಮವಾಗಿ ಶೇ. 81.5 ಮತ್ತು ಶೇ. 84.9. ಕಾದು ನೋಡಿದ್ದರಿಂದ ಜೀವಕ್ಕೆ ನಷ್ಟವಾಗಲಿಲ್ಲ, ಮೇಲಾಗಿ ತಲಾ ಸುಮಾರು 1,492 ಪೌಂಡ್ ಉಳಿಯಿತು.

ಒಂದು ಎಚ್ಚರ ಬೇಕು. ಆ ಪ್ರಯೋಗದ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಎಚ್‌ಪಿವಿಗೆ ಸಂಬಂಧಿಸಿದ ಕ್ಯಾನ್ಸರ್‌ನವರು. ಬೀಡಿ, ಹೊಗೆಸೊಪ್ಪಿನಿಂದ ಬಂದ ನಮ್ಮ ಕಡೆಯ ಗಂಟಲು ಕ್ಯಾನ್ಸರ್ ಅಷ್ಟು ಮೃದುವಲ್ಲ. ಕಾಯುವ ಪದ್ಧತಿ ಇಲ್ಲಿಗೂ ಬಂದಿದೆ. ಬ್ರಿಟನ್ನಿನ ಶೇಕಡಾವಾರು ಅಂಕಿಗಳನ್ನು ನಮ್ಮ ರೋಗಿಗೆ ಹಾಗೇ ಅನ್ವಯಿಸಲಾಗದು.

ವರದಿ ಬಂದ ಮೇಲೆ

ಗಂಟೂ ಇಲ್ಲ, ಹೊಳಪೂ ಇಲ್ಲ ಎಂದರೆ ಆಪರೇಷನ್ ಬೇಡ, ನಿಯಮಿತ ತಪಾಸಣೆ ಸಾಕು. ಗಂಟು ಬೆಳೆದಿದೆ, ಜೋರಾಗಿ ಹೊಳೆಯುತ್ತಿದೆ ಎಂದರೆ ಸೂಜಿ ಪರೀಕ್ಷೆಯೋ ನೇರ ಆಪರೇಷನ್ನೋ ಎಂಬ ಮಾತು ಬರುತ್ತದೆ. ರೇಡಿಯೇಷನ್ ಆದ ಗಂಟಿನಲ್ಲಿ ಸೂಜಿ ಸತ್ತ ಭಾಗಕ್ಕೇ ಹೋಗಿ "ಕ್ಯಾನ್ಸರ್ ಇಲ್ಲ" ಎಂದು ಬಂದರೂ ಅನುಮಾನ ಪೂರ್ತಿ ಹೋಗದು.

ಕಷ್ಟದ್ದು ನಡುವಿನದು: ಗಂಟು ಇದೆ, ಹೊಳಪು ಇಲ್ಲ ಅಥವಾ ಮಂಕಾಗಿದೆ. ಪೆಟ್-ನೆಕ್‌ನಲ್ಲಿ ಇಂಥವರಿಗೂ ಆಪರೇಷನ್ ಮಾಡಿದ್ದರು. ಈಗ ಅನೇಕ ಕಡೆ, ಮುಖ್ಯವಾಗಿ ಎಚ್‌ಪಿವಿ ಇರುವವರಲ್ಲಿ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಗಂಟು ಕುಗ್ಗುತ್ತಲೇ ಇದ್ದರೆ ಬಿಡುತ್ತಾರೆ. ಒಬ್ಬ ವೈದ್ಯರು ತೆಗೆಯೋಣ, ಇನ್ನೊಬ್ಬರು ಕಾಯೋಣ ಎಂದರೆ ಇಬ್ಬರಲ್ಲಿ ಒಬ್ಬರಿಗೆ ಗೊತ್ತಿಲ್ಲ ಎಂದು ತಿಳಿಯಬೇಕಿಲ್ಲ. ಮೂಲ ರೋಗ ಯಾವುದು, ಗಂಟು ಮೊದಲು ಎಷ್ಟಿತ್ತು, ರೋಗಿ ತಪಾಸಣೆಗೆ ತಪ್ಪದೆ ಬರಬಲ್ಲರೇ ಎಂಬುದರ ಮೇಲೆ ತೀರ್ಮಾನ ನಿಂತಿದೆ.

ಕಾಯುವ ದಿನಗಳಲ್ಲಿ

ಈ ಅವಧಿಯಲ್ಲಿ ಕೈಗೆ ಸಿಗುವ ಹಲವು ಉಬ್ಬುಗಳಿಗೂ ಕ್ಯಾನ್ಸರ್‌ಗೂ ಸಂಬಂಧವಿರುವುದಿಲ್ಲ. ಗಲ್ಲದ ಕೆಳಗೆ ಮೆತ್ತಗೆ ಜೋತಾಡುವಂಥ ಊತ, ಬೆಳಿಗ್ಗೆ ಎದ್ದಾಗ ಜಾಸ್ತಿ, ಹೊತ್ತೇರಿದಂತೆ ಕಡಿಮೆ: ಅದು ದುಗ್ಧರಸದ ನಾಳಗಳು ಹಾಳಾಗಿ ನಿಂತ ದ್ರವ. ದವಡೆಯ ಕೆಳಗಿನ ಎಂಜಲು ಗ್ರಂಥಿ ರೇಡಿಯೇಷನ್‌ನಿಂದ ಗಟ್ಟಿಯಾಗಿ ಥೇಟ್ ಗಂಟಿನಂತೆಯೇ ಸಿಗುತ್ತದೆ. ಕುತ್ತಿಗೆ ಪೂರ್ತಿ ಬಿಗಿಯಾಗುವುದೂ ಉಂಟು. ಇದಕ್ಕೆ ಫಿಸಿಯೋಥೆರಪಿಯ ವ್ಯಾಯಾಮ ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಊತವಿದೆ ಎಂದು ಮನೆಯಲ್ಲಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಬೇಡ. ಕಿರಣ ಬಿದ್ದ ಚರ್ಮ ಬೇಗ ಕಿತ್ತುಬರುತ್ತದೆ.

ಮೂರು ತಿಂಗಳು ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಕುಗ್ಗುತ್ತಿದ್ದ ಗಂಟು ಮತ್ತೆ ದಪ್ಪವಾದರೆ, ಹೊಸ ಗಂಟು ಬಂದರೆ, ಮೇಲಿನ ಚರ್ಮ ಒಡೆದರೆ, ನುಂಗುವುದು ದಿನದಿನಕ್ಕೆ ಕಷ್ಟವಾದರೆ ತಕ್ಷಣ ತೋರಿಸಬೇಕು. ಬಾಯಿಂದಾಗಲಿ ಕುತ್ತಿಗೆಯಿಂದಾಗಲಿ ರಕ್ತ ಬಂದರೆ, ಉಸಿರು ಕಟ್ಟಿದಂತಾದರೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ.

ಸ್ಕ್ಯಾನ್ ದಿನ ನಾಲ್ಕರಿಂದ ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು, ನೀರು ಕುಡಿಯಬಹುದು. ಮಧುಮೇಹವಿದ್ದರೆ ಯಾವ ಮಾತ್ರೆ, ಯಾವ ಇನ್ಸುಲಿನ್ ಎಂದು ಮೊದಲೇ ಹೇಳಿರಬೇಕು. ರಕ್ತದಲ್ಲಿ ಸಕ್ಕರೆ ಜಾಸ್ತಿಯಿದ್ದರೆ ಚಿತ್ರ ಕೆಡುತ್ತದೆ. ಚುಚ್ಚುಮದ್ದು ಕೊಟ್ಟ ಮೇಲೆ ಮಾತಾಡಬೇಡಿ, ಏನನ್ನೂ ಅಗಿಯಬೇಡಿ ಎನ್ನುತ್ತಾರೆ. ಮಾತಾಡಿದರೆ ಧ್ವನಿಪೆಟ್ಟಿಗೆಯ ಸ್ನಾಯುಗಳೂ ಸಕ್ಕರೆ ಎಳೆದುಕೊಂಡು ಹೊಳೆಯುತ್ತವೆ, ವರದಿ ಬರೆಯುವವರಿಗೆ ತಲೆನೋವು.

ಕುತ್ತಿಗೆಗೆ ಬಿದ್ದ ಕಿರಣ ಥೈರಾಯ್ಡ್ ಗ್ರಂಥಿಯನ್ನೂ ಮುಟ್ಟಿರುತ್ತದೆ. ವರ್ಷಗಳು ಕಳೆದ ಮೇಲೂ ಅದು ಮಂದವಾಗಬಹುದು, ಸುಸ್ತು, ಮೈಭಾರ, ಮಲಬದ್ಧತೆ ಕಾಣಿಸಬಹುದು. ಹಾಗಾಗಿ ಗಂಟು ಪೂರ್ತಿ ಹೋದವರೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುತ್ತಿರಬೇಕು.